ನಡಿಗೆ ಎಂಬ ಹರಕೆ, ನಡಿಗೆ ಎಂಬ ಹಕ್ಕು

ಕನ್ನಡದಲ್ಲಿ ‘ನಡೆ’ ಎಂಬ ಒಂದೇ ಧಾತುವಿನಿಂದ ಎಷ್ಟು ಮಾತುಗಳು ಹುಟ್ಟಿವೆ ನೋಡಿ. ನಡತೆ, ನಡವಳಿಕೆ, ನಡೆ-ನುಡಿ, ನಡಾವಳಿ. ಒಬ್ಬ ಮನುಷ್ಯನ ಗುಣ ತಿಳಿಯಬೇಕಾದರೆ ಅವನು ಹೇಗೆ ನಡೆದುಕೊಳ್ಳುತ್ತಾನೆ ಎಂದು ಕೇಳುವ ಭಾಷೆ ಇದು. ಸಭೆಯ ತೀರ್ಮಾನ ಬರೆದಿಡುವ ಪುಸ್ತಕಕ್ಕೂ ಇಲ್ಲಿ ನಡಾವಳಿ ಎಂದೇ ಹೆಸರು. ಇಂಥ ಭಾಷೆಯ ಜನ ಕಟ್ಟಿಕೊಂಡ ಊರುಗಳಲ್ಲಿ ನಡೆಯಲಿಕ್ಕೆ ಮಾತ್ರ ಜಾಗ ಸಿಗುವುದಿಲ್ಲ. ದುಡ್ಡಿಲ್ಲ, ಯೋಜನೆ ಸರಿಯಿಲ್ಲ, ಎಂಜಿನಿಯರು ಕಣ್ಣು ಹಾಯಿಸಲಿಲ್ಲ ಎಂದು ಇದಕ್ಕೆ ಕಾರಣ ಕೊಡಬಹುದು. ಅವೆಲ್ಲ ನಿಜವೂ ಇರಬಹುದು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಕಾಡುವ ಪ್ರಶ್ನೆ ಬೇರೆ. ನಮ್ಮ ಸಾಹಿತ್ಯ ನಡೆಯುವ ಮನುಷ್ಯನನ್ನು ಹೇಗೆ ಕಂಡಿದೆ? ಆ ಕಾಣ್ಕೆಗೂ ನಮ್ಮೂರಿನ ರಸ್ತೆಗೂ ಏನಾದರೂ ಸಂಬಂಧ ಇದೆಯೇ?

ನಾನು ಜೇವರ್ಗಿ ತಾಲೂಕಿನವಳು. ಕನ್ನಡ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿಗಳ ಮೂರು ರಸ್ತೆಗಳು ಬಂದು ಕೂಡುವುದು ಕಲಬುರಗಿಯಲ್ಲಿ. ದಿನಾ ಬೆಳಿಗ್ಗೆ ಈ ರಸ್ತೆಗಳ ಮೇಲೆ ಬಸ್ಸುಗಟ್ಟಲೆ ಹುಡುಗ ಹುಡುಗಿಯರು ಕಾಲೇಜಿಗೆ, ಗಂಡಸರು ಹೆಂಗಸರು ಕೆಲಸಕ್ಕೆ ಬಂದಿಳಿಯುತ್ತಾರೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ನೆಲೆಯಾದ ಮೇಲೆ ಈ ಓಡಾಟ ಎರಡೂ ದಿಕ್ಕಿಗೆ ಆಗಿದೆ. ಬಸ್ಸಿನಲ್ಲಿ ಅವರು ಪ್ರಯಾಣಿಕರು. ಇಳಿದ ಮರುಕ್ಷಣ ಎಲ್ಲರೂ ಪಾದಚಾರಿಗಳು. ನಾನು ಇಲ್ಲಿ ಓದಲು ಹೊರಟಿರುವ ಕೃತಿಗಳು ಬೇರೆ ಬೇರೆ ಸೀಮೆಯವು. ಓದುವಾಗ ಮನಸ್ಸಿನಲ್ಲಿರುವವರು ಮಾತ್ರ ಈ ಮಂದಿ.

ನಮ್ಮ ಭಾಗದಲ್ಲಿ ನಡಿಗೆಯ ಮಾತು ತೆಗೆದರೆ ಮೊದಲು ನೆನಪಾಗುವುದು ಜಂಗಮ. ಹನ್ನೆರಡನೆಯ ಶತಮಾನದ ಶರಣರು ನಿಂತದ್ದಕ್ಕಿಂತ ಚಲಿಸುವುದನ್ನು ಮೇಲಿಟ್ಟರು. ಅವರ ಬೆನ್ನಿಗೆ ತತ್ವಪದಕಾರರು ಬಂದರು. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರ ಪದಗಳು ಪುಸ್ತಕವಾಗುವುದಕ್ಕೆ ಎಷ್ಟೋ ಮೊದಲೇ ಏಕತಾರಿ ಹಿಡಿದವರ ಜೊತೆ ಊರೂರು ಸುತ್ತಿದ್ದವು. ಚನ್ನೂರ ಜಲಾಲಸಾಬರಂಥ ಶಿಷ್ಯರ ಮೂಲಕ ಅವು ಜಾತಿ, ಧರ್ಮಗಳ ಗೆರೆಯನ್ನೂ ದಾಟಿದವು. ಇವತ್ತಿಗೂ ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಮಂದಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಗಾಣಗಾಪುರದ ದತ್ತನಿಗೆ, ಘತ್ತರಗಿಯ ಭಾಗ್ಯವಂತಿಗೆ ನಡೆದು ಬರುತ್ತೇನೆಂದು ಹರಕೆ ಹೊರುವವರಿದ್ದಾರೆ.

ಈ ಪರಂಪರೆ ದೊಡ್ಡದು, ಅನುಮಾನವಿಲ್ಲ. ಆದರೆ ಇದು ನಡಿಗೆಗೆ ಒಂದು ಗೊತ್ತಾದ ಅರ್ಥವನ್ನೂ ಕೊಟ್ಟುಬಿಟ್ಟಿತು. ಇಲ್ಲಿ ನಡೆಯುವುದೆಂದರೆ ಬಿಡುವುದು. ಮನೆ ಬಿಡುವುದು, ಆಸ್ತಿ ಬಿಡುವುದು, ನಾನು ಎಂಬುದನ್ನು ಬಿಡುವುದು. ಬಿಸಿಲು, ಮುಳ್ಳು, ಬೊಬ್ಬೆ ಎದ್ದ ಅಂಗಾಲು ಇವೆಲ್ಲ ಪುಣ್ಯದ ಲೆಕ್ಕಕ್ಕೆ ಹೋಗುತ್ತವೆ. ಕಷ್ಟವೇ ನಡಿಗೆಯ ಅರ್ಥವಾದ ಮೇಲೆ ಆ ಕಷ್ಟವನ್ನು ಕಡಿಮೆ ಮಾಡಿ ಎಂದು ಯಾರನ್ನು ಕೇಳುವುದು? ಹರಕೆ ಹೊತ್ತವನಿಗೆ ಕಷ್ಟ ಬೇಕು. ಟ್ಯೂಷನ್ನಿಗೆ ಹೋಗುವ ಹುಡುಗಿಗೆ ಅದು ಬೇಡ. ನಮ್ಮ ಮಾತಿನಲ್ಲಿ ಈ ಇಬ್ಬರಿಗೂ ಒಂದೇ ಹೆಸರು, ನಡೆದು ಹೋಗುವವರು.

ಆಧುನಿಕ ಕಾದಂಬರಿ ಈ ಅರ್ಥವನ್ನು ಬದಲಿಸಿತೇ? 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ದ ಕೊನೆಯ ಭಾಗವೆಲ್ಲ ಒಂದು ನಡಿಗೆ. ಹೆಂಡತಿಯನ್ನು ದಹಿಸಿ ಪ್ರಾಣೇಶಾಚಾರ್ಯ ದೂರ್ವಾಸಪುರ ಬಿಟ್ಟು ಕಾಲು ಕೊಂಡೊಯ್ದ ಕಡೆ ಹೋಗುತ್ತಾನೆ. ದಾರಿಯಲ್ಲಿ ಮಾಲೇರರ ಪುಟ್ಟ ಗಂಟುಬೀಳುತ್ತಾನೆ, ಇಬ್ಬರೂ ಮೇಳಿಗೆಯ ಜಾತ್ರೆಗೆ ಬರುತ್ತಾರೆ. ಅಗ್ರಹಾರದಲ್ಲಿ ಕೂತು ಪರಿಹರಿಸಲಾಗದ್ದನ್ನು ಆಚಾರ್ಯ ನಡೆಯುತ್ತ ಎದುರಿಸುತ್ತಾನೆ. ವಿಮರ್ಶಕರು ಇದನ್ನು ಅಸ್ತಿತ್ವದ ಹುಡುಕಾಟವೆಂದು ಓದಿದ್ದಾರೆ, ಅದು ಸರಿಯೇ. ನನ್ನ ಗಮನ ಒಂದು ಸಣ್ಣ ಸಂಗತಿಯ ಮೇಲಿದೆ. ಆಚಾರ್ಯ ನಡೆಯುವುದು ಎಲ್ಲಿಗೂ ತಲುಪಬೇಕಾಗಿಲ್ಲದೆ ಇದ್ದಾಗ. ಊರಿಗೆ ಮರಳಿ ನಿಜ ಹೇಳಬೇಕು ಎಂಬ ನಿರ್ಧಾರ ಬಂದಾಗ, ಎಂದರೆ ತಲುಪಲೇಬೇಕಾದಾಗ, ಅವನು ಗಾಡಿ ಹತ್ತುತ್ತಾನೆ. ನಡಿಗೆ ಆತ್ಮಕ್ಕೆ, ಗಾಡಿ ಕೆಲಸಕ್ಕೆ. ಜಂಗಮದ ಹಳೆಯ ಅರ್ಥ ನವ್ಯದ ಬಟ್ಟೆ ಹಾಕಿಕೊಂಡು ಮುಂದುವರಿದಿದೆ.

ಇದಕ್ಕೆ ದೊಡ್ಡ ಅಪವಾದ 1967ರ ‘ಮಲೆಗಳಲ್ಲಿ ಮದುಮಗಳು’. ಕುವೆಂಪು ಅವರ ಈ ಕಾದಂಬರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವವನು ಹೊಲೆಯರ ಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಗುತ್ತಿ ಒಡೆಯರ ಕೆಲಸದ ಮೇಲೆ ಮನೆಯಿಂದ ಮನೆಗೆ ಓಡಾಡುವ ಆಳು. ಕಾಡು, ಕತ್ತಲೆ, ಮಳೆ, ಇಂಬಳ ಇವು ಅವನಿಗೆ ಪ್ರಕೃತಿ ಸೌಂದರ್ಯವಾಗುವ ಮೊದಲು ದಿನದ ಅಡಚಣೆಗಳು. ಅದೇ ಕಾಲುಗಳಿಂದ ಅವನು ತನ್ನ ಪ್ರೀತಿಯ ತಿಮ್ಮಿಯನ್ನು ಹಾರಿಸಿಕೊಂಡೂ ಹೋಗುತ್ತಾನೆ. ಒಡೆಯನ ಚಾಕರಿಗೂ ತನ್ನ ಬಿಡುಗಡೆಗೂ ಅವನಿಗಿರುವ ಸಾಧನ ಒಂದೇ. ಕನ್ನಡದಲ್ಲಿ ನಡಿಗೆಯನ್ನು ದುಡಿಮೆಯಾಗಿ ಇಷ್ಟು ವಿವರವಾಗಿ ಕಂಡ ಇನ್ನೊಂದು ಕೃತಿ ನನಗೆ ಸುಲಭಕ್ಕೆ ಹೊಳೆಯುವುದಿಲ್ಲ.

ಅದೇ ಕಾದಂಬರಿಯಲ್ಲಿ ಸೈಕಲ್ಲೂ ಬರುತ್ತದೆ. ಕ್ರೈಸ್ತ ಪಾದ್ರಿಯ ಒಡನಾಟದ ದೇವಯ್ಯಗೌಡನ ಆ ವಾಹನ ಮಲೆನಾಡಿನ ಮಂದಿಗೆ ಕಣ್ಣು ಕುಕ್ಕುವ ವಿಸ್ಮಯ. ಬೈಸಿಕಲ್ಲು ಅವರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ನಗು ಬರಿಸುವ ಈ ಹೆಸರಿನೊಳಗೆ ಒಂದು ಗಟ್ಟಿ ಸತ್ಯವಿದೆ. ಗೊತ್ತಿಲ್ಲದ ವಸ್ತುವನ್ನು ಮನೆಯ ಹೆಂಗಸರು ದಿನಾ ತಿರುಗಿಸುವ ಕಲ್ಲಿಗೆ ಹೋಲಿಸಿ ಅವರು ಅರ್ಥ ಮಾಡಿಕೊಂಡರು. ಆದರೆ ಬೀಸುವ ಕಲ್ಲು ತಿರುಗಿಸುವವರಿಗೆ ಆ ಎರಡು ಗಾಲಿ ಸಿಗಲಿಲ್ಲ. ಗೌಡನ ಬಳಿ ಸೈಕಲ್ಲು, ಗುತ್ತಿಯ ಬಳಿ ಕಾಲು. ಯಾರು ಏರುತ್ತಾರೆ, ಯಾರು ನಡೆಯುತ್ತಾರೆ ಎಂಬುದರಲ್ಲೇ ಆ ಸಮಾಜದ ಏಣಿ ಕಾಣುತ್ತದೆ. ಮುಂದೆ ಎಷ್ಟೋ ಹಳ್ಳಿಗಳಲ್ಲಿ ದಲಿತರು ಚಪ್ಪಲಿ ಹಾಕಿಕೊಂಡು, ಸೈಕಲ್ ಮೇಲೆ ಕೂತು ಮೇಲ್ಜಾತಿಯವರ ಓಣಿ ಹಾಯುವಂತಿಲ್ಲ ಎಂಬ ಕಟ್ಟು ಇದ್ದದ್ದು ಇದೇ ಏಣಿಯ ಮುಂದುವರಿಕೆ. ಕೇರಳದ ವೈಕಂನಲ್ಲಿ 1924-25ರಲ್ಲಿ ನಡೆದ ಸತ್ಯಾಗ್ರಹದ ಬೇಡಿಕೆ ಗುಡಿಯ ಪ್ರವೇಶ ಕೂಡ ಆಗಿರಲಿಲ್ಲ, ಗುಡಿಯ ಸುತ್ತಲಿನ ರಸ್ತೆಯ ಮೇಲೆ ನಡೆಯುವ ಹಕ್ಕು ಅಷ್ಟೇ. ನಡಿಗೆ ಹರಕೆ ಆಗಿರದೆ ಹಕ್ಕೂ ಆಗಿತ್ತೆಂಬುದು ನಡೆಯಗೊಡದವರಿಗೆ ಚೆನ್ನಾಗಿ ಗೊತ್ತಿತ್ತು.

ಇತ್ತೀಚಿನ ಒಂದು ಉದಾಹರಣೆಗೆ ಸಿನಿಮಾ ನೋಡೋಣ. ರಾಮ್ ರೆಡ್ಡಿ ಅವರ ‘ತಿಥಿ’ (2015) ಮಂಡ್ಯದ ಹಳ್ಳಿಯೊಂದರ ಕತೆ. ಅದರ ಗಡ್ಡಪ್ಪ ಬೀಡಿ ಸೇದುತ್ತ, ಬ್ರಾಂದಿ ಕುಡಿಯುತ್ತ, ಹೊಲದ ಬದುಗಳ ಮೇಲೆ ಸುಮ್ಮನೆ ನಡೆದಾಡುತ್ತಾನೆ. ಮಗ ತಮ್ಮಣ್ಣ ಜಮೀನು ಮಾರುವ ಆತುರದಲ್ಲಿ ಕಾಗದಪತ್ರ ಹಿಡಿದು ಓಡಾಡುತ್ತಾನೆ. ಆಸ್ತಿಗೆ ಅಂಟಿದವನಿಗೆ ನೆಮ್ಮದಿಯಿಲ್ಲ, ನಡೆಯುವವನಿಗೆ ಚಿಂತೆಯಿಲ್ಲ. ಪ್ಯಾರಿಸ್ಸಿನ ಬೀದಿಗಳಲ್ಲಿ ಗೊತ್ತುಗುರಿಯಿಲ್ಲದೆ ಅಡ್ಡಾಡುವ ‘ಫ್ಲಾನರ್’ ಎಂಬ ವ್ಯಕ್ತಿಯ ಬಗ್ಗೆ ವಾಲ್ಟರ್ ಬೆಂಜಮಿನ್ ಬರೆದದ್ದನ್ನು ನಾವು ತರಗತಿಗಳಲ್ಲಿ ಓದುತ್ತೇವೆ. ಗಡ್ಡಪ್ಪ ಅವನ ಹಳ್ಳಿಯ ತಮ್ಮ. ಸಿನಿಮಾ ನನಗೆ ಬಹಳ ಇಷ್ಟ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಗಡ್ಡಪ್ಪನ ಜಾಗದಲ್ಲಿ ಒಬ್ಬ ಹೆಂಗಸನ್ನು ಇಟ್ಟರೆ ಕತೆ ನಡೆಯುತ್ತದೆಯೇ? ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ ಮುಂಬಯಿಯ ಹೆಣ್ಣುಮಕ್ಕಳ ಬಗ್ಗೆ ಬರೆದ ‘ವೈ ಲಾಯ್ಟರ್?’ (2011) ಎತ್ತುವ ಮಾತು ಇದೇ. ಹೆಣ್ಣು ಬೀದಿಗೆ ಬಂದರೆ ಕೈಯಲ್ಲಿ ಚೀಲವೋ ಪುಸ್ತಕವೋ ಇರಬೇಕು, ಎಲ್ಲಿಗೆ ಹೊರಟಿದ್ದಾಳೆಂಬ ಉತ್ತರ ಸಿದ್ಧವಿರಬೇಕು. ನಮ್ಮ ಕಡೆ ಆ ಪ್ರಶ್ನೆ ‘ಎಲ್ಲಿಗಿ ಹೊಂಟೀಯವ್ವಾ, ಒಬ್ಬಾಕೀನ?’ ಎಂಬ ಕಾಳಜಿಯ ರೂಪದಲ್ಲಿ ಬರುತ್ತದೆ. ಕಾಳಜಿಯೂ ನಿಜ, ಕಾವಲೂ ನಿಜ.

ಹೀಗೆ ನಮ್ಮ ಕಥನಗಳಲ್ಲಿ ಮೂರು ನಡಿಗೆಗಳು ಸಿಗುತ್ತವೆ. ಬಿಟ್ಟುಹೋಗುವವನ ನಡಿಗೆ, ಆಳಿನ ನಡಿಗೆ, ನಿಶ್ಚಿಂತನ ನಡಿಗೆ. ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸಿಳಿದು ಹತ್ತಕ್ಕೆ ತರಗತಿಯಲ್ಲಿರಬೇಕಾದವಳ ನಡಿಗೆ ಈ ಪಟ್ಟಿಯಲ್ಲಿಲ್ಲ. ಅವಳು ಸಂತಳಲ್ಲ, ಜೀತದವಳಲ್ಲ, ಅಲೆಮಾರಿಯೂ ಅಲ್ಲ. ಸುಮ್ಮನೆ ತಲುಪಬೇಕು ಅವಳಿಗೆ.

ಅಂಥವಳನ್ನು ನಾನು ಕನ್ನಡದಲ್ಲಿ ಭೇಟಿಯಾದದ್ದು ಕಾದಂಬರಿಯಲ್ಲಲ್ಲ, ಒಂದು ಅನುವಾದದಲ್ಲಿ. ಪಿ. ಸಾಯಿನಾಥ್ ಅವರ ವರದಿಗಳನ್ನು ಜಿ.ಎನ್. ಮೋಹನ್ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ತಂದಿದ್ದಾರೆ. ಸಾಯಿನಾಥ್ ಅವರ ಆ ವರದಿಗಳಲ್ಲಿ ತಮಿಳುನಾಡಿನ ಪುದುಕೋಟ್ಟೈನದೂ ಒಂದು. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಾಕ್ಷರತಾ ಆಂದೋಲನ ಹೆಂಗಸರಿಗೆ ಅಕ್ಷರದ ಜೊತೆಗೇ ಸೈಕಲ್ ಕಲಿಸಿತು. ಕೂಲಿಯವರು, ಕಲ್ಲು ಗಣಿಯಲ್ಲಿ ದುಡಿಯುವವರು, ಬಾಲವಾಡಿಯವರು, ನರ್ಸುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಹತ್ತಿದರು. ಗಂಡಸರ ಸೈಕಲ್ಲನ್ನೇ ಕೆಲವರು ಇಷ್ಟಪಟ್ಟರಂತೆ, ಮುಂದಿನ ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದು ಎಂದು. ಆ ಒಂದು ವಿವರ ಸಾಕು. ಇಲ್ಲಿ ಸೈಕಲ್ಲು ಪ್ರತಿಮೆಯಲ್ಲ, ಸಂಸಾರದ ಸಾಮಾನು. ಡಿ ಸಿಕಾ ನಿರ್ದೇಶನದ ‘ಬೈಸಿಕಲ್ ಥೀವ್ಸ್’ (1948) ಎಪ್ಪತ್ತೈದು ವರ್ಷಗಳ ಮೇಲೂ ಕರುಳು ಹಿಂಡುವುದು ಇದೇ ಕಾರಣಕ್ಕೆ. ಸೈಕಲ್ ಇದ್ದರೆ ಕೆಲಸ, ಕಳುವಾದರೆ ಉಪವಾಸ. ಆ ಲೆಕ್ಕ ಪ್ರೇಕ್ಷಕನಿಗೆ ಮೊದಲ ಕೆಲವೇ ದೃಶ್ಯಗಳಲ್ಲಿ ಗೊತ್ತಾಗುತ್ತದೆ.

ಪುದುಕೋಟ್ಟೈ ಒಂದು ಜಿಲ್ಲೆಯ ಕತೆ. ರಾಜ್ಯ ಮಟ್ಟದಲ್ಲಿ ಬಿಹಾರ 2006ರಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಡಲು ಶುರುಮಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದ ಪ್ರಕಾರ, ಇದರಿಂದ ಹುಡುಗಿಯರ ಪ್ರೌಢಶಾಲಾ ದಾಖಲಾತಿ ಶೇ. 32ರಷ್ಟು ಏರಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿಯಿತು. ಕರ್ನಾಟಕವೂ 2006-07ರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಒಂದಿಡೀ ಪೀಳಿಗೆ ಆ ಸೈಕಲ್ ಮೇಲೆ ಶಾಲೆಗೆ ಹೋಯಿತು, ಅದರಲ್ಲಿ ನಾನೂ ಒಬ್ಬಳು. ಕೋವಿಡ್ ಬಂದ ವರ್ಷ ಆ ಹಂಚಿಕೆ ನಿಂತಿತು. ಒಂದು ಯೋಜನೆ ನಿಂತಿತೆಂದು ಎಷ್ಟು ಕತೆ, ಕವಿತೆ, ಪ್ರಬಂಧ ಬಂದವು? ನನ್ನ ಕಣ್ಣಿಗೆ ಬಿದ್ದದ್ದು ಇಲ್ಲವೆನ್ನುವಷ್ಟು ಕಡಿಮೆ. ಪಾದಯಾತ್ರೆಯ ಬಗ್ಗೆ ಬರೆಯಲು ನಮ್ಮಲ್ಲಿ ಒಂದು ಭಾಷೆ ಸಿದ್ಧವಾಗಿದೆ. ಸರಕಾರಿ ಸೈಕಲ್ಲಿನ ಬಗ್ಗೆ ಬರೆಯಲು ಇನ್ನೂ ಆಗಿಲ್ಲ. ಒಂದು ಕಾಲಕ್ಕೆ ವಿಸ್ಮಯವಾಗಿದ್ದ ಬೀಸೆಕಲ್ಲು, ಆಮೇಲೆ ವಾಚು, ರೇಡಿಯೊಗಳ ಜೊತೆ ವರದಕ್ಷಿಣೆಯಲ್ಲಿ ಕೇಳುವ ವಸ್ತುವಾಗಿ, ಈಗ ಬಡತನದ ಗುರುತಾಗಿ ಇಳಿದಿದೆ. ಕಲಬುರಗಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ಮೊದಲು ಬಿಡುವುದು ಸೈಕಲ್ಲನ್ನು.

ಇನ್ನು ಕಲಬುರಗಿಯ ಮಾತಿಗೆ ಬರೋಣ. 2011ರ ಜನಗಣತಿಯ ಹೊತ್ತಿಗೇ ನಗರದ ಜನಸಂಖ್ಯೆ 5 ಲಕ್ಷ ದಾಟಿತ್ತು. ಅದೇ ಜನಗಣತಿ ಮೊದಲ ಸಲ ಕೃಷಿಯೇತರ ದುಡಿಮೆಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ಕೇಳಿತು. ದೇಶದಲ್ಲಿ ಸುಮಾರು ಶೇ. 22 ಮಂದಿ ನಡೆದು, ಶೇ. 13 ಮಂದಿ ಸೈಕಲ್ ಮೇಲೆ ಹೋಗುತ್ತಿದ್ದರು. ಬಸ್ಸಿನವರೂ ಇಳಿದ ಮೇಲೆ ನಡೆಯುವವರೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಮನೆಯಿಂದ ಬಸ್‌ಸ್ಟಾಪಿನವರೆಗಿನ ಹಾದಿ ಮಾತ್ರ ಮೊದಲಿದ್ದಂತೆಯೇ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಇವರು ಯಾವ ಹರಕೆಯನ್ನೂ ಹೊತ್ತಿರಲಿಲ್ಲ.

ಪಾದಚಾರಿಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಒಂದು ಪಠ್ಯವೆಂದು ಓದಿ ನೋಡಿ. ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬಿಡಬೇಕು ಎನ್ನುತ್ತದೆ ಅದು. ಎರಡು ಗಾಲಿಕುರ್ಚಿಗಳು ಎದುರುಬದುರು ಹಾಯುವಷ್ಟು ಜಾಗ. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಎಂದರೆ ಮಂಡಿ ನೋವಿನ ಮುದುಕಿ ಹತ್ತಿ ಇಳಿಯುವಷ್ಟು. ಅಲಂಕಾರವಿಲ್ಲದ ಈ ಅಂಕಿಗಳ ಹಿಂದೆ ಒಂದು ಪಾತ್ರಕಲ್ಪನೆ ಇದೆ. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಕೂಸನ್ನು ಎತ್ತಿಕೊಂಡವರು ಆ ದಾಖಲೆಯಲ್ಲಿ ಮನುಷ್ಯರಾಗಿ ಇದ್ದಾರೆ. ನಮ್ಮ ಎಷ್ಟೋ ಕಾದಂಬರಿಗಳಲ್ಲಿ ಇಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತ್ ಮೇಲೆ ನಿರಾತಂಕವಾಗಿ ನಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ವೈಕಂನ ರಸ್ತೆಯಿಂದ ಈ ಮಾತಿನವರೆಗೆ ನೂರು ವರ್ಷ.

ಮಾರ್ಗಸೂಚಿಯ ಅಳತೆಗೆ ನಮ್ಮ ಸೀಮೆ ಇನ್ನೊಂದು ಸೇರಿಸಬೇಕು, ಅದು ನೆರಳು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟುವುದು ಹೊಸತಲ್ಲ. ಆ ಬಿಸಿಲಲ್ಲಿ ಮರವಿಲ್ಲದ ಫುಟ್‌ಪಾತು ಎಷ್ಟು ಅಗಲವಿದ್ದರೇನು? ರಸ್ತೆ ಅಗಲಿಸಲು ಬೇವಿನ ಮರ ಕಡಿದು, ಆಮೇಲೆ ಹಾಸುಗಲ್ಲು ಹಾಕಿದರೆ ಕೊಟ್ಟದ್ದಕ್ಕಿಂತ ಕಸಿದದ್ದೇ ಹೆಚ್ಚು. ಇದನ್ನು ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. ಪಾದಯಾತ್ರೆ ಹಾಯುವ ದಿನಗಳಲ್ಲಿ ನಮ್ಮ ಹಳ್ಳಿಗಳೇ ದಾರಿಗುಂಟ ಚಪ್ಪರ ಹಾಕುತ್ತವೆ, ಅರವಟಿಗೆ ಇಡುತ್ತವೆ, ಕಾಲಿಗೆ ಎಣ್ಣೆ ಕೊಡುತ್ತವೆ, ಮಲಗಲು ಜಾಗ ಮಾಡುತ್ತವೆ. ದಾರಿಯ ಬದಿ ಮರ ನೆಡಿಸಿ ಬಾವಿ ತೋಡಿಸಿದ ಮಾತು ಅಶೋಕನ ಶಾಸನಗಳಲ್ಲಿದೆ. ಆ ಮಾತಿರುವ ಶಾಸನ ನಮ್ಮದಲ್ಲದಿದ್ದರೂ ಅವನ ಬೇರೆ ಶಾಸನಗಳು ನಮ್ಮದೇ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿವೆ. ನಡೆಯುವವರಿಗೆ ಏನು ಬೇಕೆಂಬ ಜ್ಞಾನ ನಮ್ಮಲ್ಲಿ ಮೊದಲಿನಿಂದಲೂ ಇದೆ. ಆ ಜ್ಞಾನ ಹಬ್ಬದ ದಿನ ಎಚ್ಚರವಾಗಿ ಸೋಮವಾರ ಮಲಗಿಬಿಡುತ್ತದೆ. ಶ್ರೀಶೈಲಕ್ಕೆ ಹೊರಟವನಿಗೆ ನೀರು ಕೊಟ್ಟ ಊರು, ಅದೇ ಮನುಷ್ಯ ಮರುವಾರ ಕೂಲಿಗೆಂದು ನಡೆದು ಬಂದರೆ ರಸ್ತೆ ದಾಟಲೂ ಬಿಡುವುದಿಲ್ಲ.

ಫುಟ್‌ಪಾತ್ ಎಂದ ಕೂಡಲೇ ತಳ್ಳುಬಂಡಿಯವರನ್ನು ಎಬ್ಬಿಸುವುದೇ ಸುಧಾರಣೆ ಎಂದುಕೊಳ್ಳುವ ರೂಢಿಯೂ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗುರುತಿಸಿ ಎನ್ನುತ್ತದೆ. ಬಾಳೆಹಣ್ಣಿನ ಬಂಡಿ, ಚಹಾದ ಅಂಗಡಿ ಇರುವ ಬೀದಿಯಲ್ಲಿ ಸಂಜೆ ಹೊತ್ತು ಹೆಣ್ಣುಮಗಳು ಧೈರ್ಯವಾಗಿ ನಡೆಯುತ್ತಾಳೆ. ನಿಜವಾಗಿ ದಾರಿ ಕಟ್ಟುವುದು ಸಾಲಾಗಿ ನಿಲ್ಲಿಸಿದ ಮೋಟಾರ್ ಸೈಕಲ್ಲುಗಳು, ಕಾರುಗಳು. ಅವುಗಳ ಮೇಲೆ ಕೈ ಹಾಕುವುದು ಕಷ್ಟ, ಬಂಡಿ ಎತ್ತಿಸುವುದು ಸುಲಭ.

ಸೈಕಲ್ಲಿಗೆ ಮರ್ಯಾದೆ ಮರಳಿ ಬರಬಹುದು ಎಂಬುದಕ್ಕೆ ರಾಜ್ಯದೊಳಗೇ ಸಾಕ್ಷಿಯಿದೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಲ್ಲಿ ಸುಮಾರು 450 ಬಾಡಿಗೆ ಸೈಕಲ್ಲುಗಳು ಬೀದಿಗಿಳಿದವು, ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ಏರ್ಪಾಡು. ಗಂಟೆಯ ಸದ್ದನ್ನೇ ಹೆಸರಾಗಿ ಇಟ್ಟವರಿಗೆ ಭಾಷೆಯ ಬೆಲೆ ಗೊತ್ತಿತ್ತು. ಮೈಸೂರಿನ ಸಾಲುಮರದ ರಸ್ತೆಗಳಿಗೆ ಹೊಂದಿದ್ದು ಕಲಬುರಗಿಯ ಬಿಸಿಲಿಗೆ ಹಾಗೇ ಹೊಂದಲಾರದು. ಇಲ್ಲಿ ಅದಕ್ಕಿಂತ ಸರಳವಾದವು ಮೊದಲು ಬೇಕು. ಬಸ್‌ಸ್ಟ್ಯಾಂಡಿನಿಂದ ಕಾಲೇಜು, ಆಸ್ಪತ್ರೆ, ಮಾರುಕಟ್ಟೆಗಳಿಗೆ ಹೋಗುವ ರಸ್ತೆಗಳಲ್ಲಿ ಎಲ್ಲೂ ಕಡಿಯದ ಫುಟ್‌ಪಾತು ಮತ್ತು ಬೇವಿನ ಸಾಲು. ಆಳಂದ, ಅಫಜಲಪುರ, ಜೇವರ್ಗಿ ರಸ್ತೆಗಳು ರಿಂಗ್ ರೋಡನ್ನು ಮುಟ್ಟುವಲ್ಲಿ ದಾಟಲು ಸಮಯ ಕೊಡುವ ಸಿಗ್ನಲ್ಲು. ತಾಲೂಕಿನ ಬಸ್‌ಸ್ಟ್ಯಾಂಡುಗಳಲ್ಲಿ ಹಳ್ಳಿಯಿಂದ ಬಂದವರು ಸೈಕಲ್ ಬಿಟ್ಟು ಹೋಗಲು ಕಾವಲಿರುವ ನೆರಳಿನ ಜಾಗ. ನಿಂತುಹೋದ ಶಾಲಾ ಸೈಕಲ್ ಮತ್ತೆ.

ಇದರಲ್ಲಿ ವಿಮರ್ಶೆಯ ಕೆಲಸವೇನು ಎಂದು ಗೆಳೆಯರು ಕೇಳುತ್ತಾರೆ. ಯಾವುದನ್ನು ಒಂದು ಭಾಷೆ ಹೇಳತಕ್ಕ ಸಂಗತಿ ಎಂದು ಒಪ್ಪುತ್ತದೋ ಅದಕ್ಕೆ ಊರಿನಲ್ಲಿ ಜಾಗ ಕೇಳುವುದು ಸುಲಭ. ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರು ಕಲಬುರಗಿ ಸೀಮೆಯ ಕೆಳವರ್ಗದ ಹೆಂಗಸರ ಬದುಕನ್ನು ಇಲ್ಲಿನ ಮಾತಿನಲ್ಲೇ ಬರೆದು, ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಆವರೆಗೆ ಕತೆಗೆ ಯೋಗ್ಯವಲ್ಲ ಎನಿಸಿಕೊಂಡಿದ್ದ ಓಣಿಗಳು ಆಮೇಲೆ ಸಾಹಿತ್ಯದ ವಿಳಾಸಗಳಾದವು. ನಮ್ಮ ತಲೆಮಾರಿನ ಕತೆಗಾರರಿಂದ ನಾನು ನಿರೀಕ್ಷಿಸುವುದು ಅಂಥದೇ ಇನ್ನೊಂದು ಹೆಜ್ಜೆ. ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಹೋಗುವ ಎರಡು ಕಿಲೋಮೀಟರಿನಲ್ಲಿ ಒಂದು ಕತೆಯಿದೆ. ಗಟಾರಿನ ಮೇಲಿನ ಮುರಿದ ಕಲ್ಲು, ದೀಪವಿಲ್ಲದ ತಿರುವು, ನೀರು ಕೇಳಿದರೆ ಕೊಡುವ ಚಹಾದಂಗಡಿ, ಟಂಟಂ ಹತ್ತಲು ಹತ್ತು ರೂಪಾಯಿ ಉಳಿದಿದೆಯೇ ಎಂಬ ಲೆಕ್ಕ, ಇವೆಲ್ಲ ಅದರೊಳಗಿವೆ. ಅಲ್ಲಿ ನಾಯಕಿ ಏನನ್ನೂ ತ್ಯಜಿಸುವುದಿಲ್ಲ, ಯಾರನ್ನೂ ಹುಡುಕುವುದಿಲ್ಲ. ಹತ್ತು ಗಂಟೆಗೆ ಸರಿಯಾಗಿ ತರಗತಿಯೊಳಗೆ ಕಾಲಿಡುತ್ತಾಳೆ, ಹಾಜರಿ ಹೇಳುತ್ತಾಳೆ.